ಮಂಡಿಯಲ್ಲಿ ನಿಂತ ನೋವು

ನಮ್ಮೂರಿಗೆ ಸೊಸೆಯಾಗಿ ಬಂದವಳಿಗೆ ಅತ್ತೆ ಮೊದಲು ಹೇಳಿಕೊಡುವುದು ಒಲೆ ಹಚ್ಚುವುದನ್ನಲ್ಲ, ಮಂಡಿ ಮಡಚುವುದನ್ನು. ಕಾಲಿಗೆ ಮುಳ್ಳು ಚುಚ್ಚಿತೋ, ತಟಕ್ಕನೆ ಮಂಡಿ ಮಡಚಿಬಿಡಬೇಕು. ಮಡಚಿದರೆ ನೋವು ಮಂಡಿಯ ಹತ್ತಿರ ಬಂದು ನಿಂತುಕೊಳ್ಳುತ್ತದೆ, ಮೇಲೆ ಹತ್ತುವುದಿಲ್ಲ. ಆಮೇಲೆ ಕುಂಟಿಕೊಂಡೇ ಸಾರು ಇಳಿಸಿ, ಮಗುವಿಗೆ ಹಾಲು ಕೊಟ್ಟು, ಪುರುಸೊತ್ತಾಗಿ ಜಗಲಿಯ ಮೇಲೆ ಕೂತು ಕಾಲು ಚಾಚಿದರೆ ನೋವು ತನ್ನ ಪಾಡಿಗೆ ತಾನು ಬರುತ್ತದೆ, ಬಂದು ಹೋಗುತ್ತದೆ. ನನ್ನ ತವರಿನಲ್ಲಿ ಹೀಗಿರಲಿಲ್ಲ. ಅಲ್ಲಿ ಮುಳ್ಳು ಚುಚ್ಚಿದ ಕೂಡಲೇ ಅಯ್ಯೋ ಅನ್ನುತ್ತಿದ್ದೆವು. ಇಲ್ಲಿಗೆ ಬಂದು ವರ್ಷವಾಗುವುದರೊಳಗೆ ನನ್ನ ಕಾಲಿಗೂ ಈ ಊರಿನ ಅಭ್ಯಾಸ ಹತ್ತಿತು.

ಸಂಜೆ ದೀಪ ಹಚ್ಚುವ ಮುಂಚೆ ಇಡೀ ಬೀದಿ ಜಗಲಿಗೆ ಬರುತ್ತದೆ. ಒಬ್ಬೊಬ್ಬರಾಗಿ ಕಾಲು ಚಾಚುತ್ತಾರೆ. ಒಂದು ಮನೆಯಿಂದ 'ಅಮ್ಮಾ' ಅಂತ ಕೇಳಿದರೆ ಇನ್ನೊಂದು ಮನೆಯಿಂದ 'ಥೂ ಇವನ' ಅಂತ ಕೇಳುತ್ತದೆ. ಬೆಳಗ್ಗೆ ಬಾಗಿಲಿಗೆ ಎಡವಿದ್ದು, ಮಧ್ಯಾಹ್ನ ಚೇಳು ಕುಟುಕಿದ್ದು, ಎಲ್ಲವೂ ಆಗ ಬರುತ್ತವೆ. ಮೊದಲು ಆದದ್ದು ಮೊದಲು, ಆಮೇಲೆ ಆದದ್ದು ಆಮೇಲೆ, ಸೊಸೈಟಿ ಅಂಗಡಿಯ ಪಾಳಿಯ ಹಾಗೆ. ಆ ಹೊತ್ತಿನಲ್ಲಿ ಯಾರೂ ಯಾರ ಮನೆಗೂ ಹೋಗುವುದಿಲ್ಲ, ಯಾರನ್ನೂ ಮಾತಾಡಿಸುವುದಿಲ್ಲ. ಮುಗಿದ ಮೇಲೆ ಕಾಫಿ. ಬಂದ ಹೊಸದರಲ್ಲಿ ನನಗೆ ಇದೆಲ್ಲ ನಗೆಪಾಟಲು ಅನ್ನಿಸುತ್ತಿತ್ತು.

ನನ್ನ ಗಂಡ ಹೆಂಚಿನ ಕಾರ್ಖಾನೆಯಲ್ಲಿ ಮಣ್ಣು ತುಳಿಯುವವನು. ಮಣ್ಣಿನಲ್ಲಿ ಕಲ್ಲಿರುತ್ತದೆ, ಗಾಜಿರುತ್ತದೆ. ಅದಕ್ಕೆ ತುಳಿಯುವವರೆಲ್ಲ ಮಂಡಿ ಮಡಚಿಕೊಂಡೇ ತುಳಿಯುತ್ತಾರೆ, ಸೊಂಟದಿಂದ ಕಾಲೆತ್ತಿ ಒನಕೆಯ ಹಾಗೆ ಇಳಿಸುತ್ತಾರೆ. ಮಡಚಿದ ಕಾಲಿನ ಪಾದ ನಾವು ಹೇಳಿದ ಮಾತು ಕೇಳುವುದಿಲ್ಲ, ಸುಮ್ಮನೆ ಜೋತಾಡುತ್ತದೆ. ತುಳಿಯುವುದಕ್ಕೆ ಅಷ್ಟು ಸಾಕು. ಮಣ್ಣು ಹದಕ್ಕೆ ಬಂದಿದೆಯೋ ಇಲ್ಲವೋ ನೋಡುವುದಕ್ಕೆ ಮಾತ್ರ ಒಬ್ಬ ಮಂಡಿ ನೆಟ್ಟಗೆ ಮಾಡಿ ಮಣ್ಣಿನಲ್ಲಿ ನಿಲ್ಲಬೇಕು. ತುಳಿಯುವಾಗ ಚುಚ್ಚಿದ್ದೆಲ್ಲ ಆಗಲೇ ಅವನ ಮೇಲೇರುವುದರಿಂದ ಆ ಕೆಲಸಕ್ಕೆ ಯಾರೂ ಮುಂದೆ ಬರುವುದಿಲ್ಲ. ನನ್ನ ಗಂಡ ಬರುತ್ತಿದ್ದ. ಹಲ್ಲು ಕಚ್ಚಿ ನಿಂತು, ಎಲ್ಲ ಹೋಗುವವರೆಗೆ ತಾಳಿ, ಆಮೇಲೆ ಬೆರಳ ಸಂದಿನಲ್ಲಿ ಮಣ್ಣು ಹಿಸುಕಿ 'ಇನ್ನೊಂದು ಸುತ್ತು' ಅಂತಲೋ 'ಸಾಕು' ಅಂತಲೋ ಹೇಳುತ್ತಿದ್ದ. ಅದರ ಜಂಬ ಅವನಿಗೆ ಸ್ವಲ್ಪ ಹೆಚ್ಚೇ ಇತ್ತು ಅನ್ನಿ.

ಅಂಥವನು ಆಷಾಢದಲ್ಲಿ ಹೆಂಚು ಸುಡುವ ಗೂಡಿನ ಬಾಯಿಂದ ಕೆಂಡದ ಬೂದಿ ಕುಸಿದು ಬಲಗಾಲಿನ ಮೇಲೆ ಬಿದ್ದಾಗ ಮಡಚಿದ ಮಂಡಿಯನ್ನು ಮತ್ತೆ ಚಾಚಲಿಲ್ಲ. ಇಬ್ಬರು ಹೊತ್ತುಕೊಂಡು ಬಂದು ಜಗಲಿಯ ಮೇಲೆ ಕೂರಿಸಿದರು. ಪಾದದ ಮೇಲಿನ ಚರ್ಮ ಬದನೆಕಾಯಿ ಸುಟ್ಟ ಹಾಗೆ ಸುಲಿದಿತ್ತು. ನಾನು ಬಾಯಿ ಬಡಿದುಕೊಳ್ಳುತ್ತಿದ್ದರೆ ಅವನು ನಗುತ್ತಿದ್ದ. "ಏನೂ ಆಗಿಲ್ಲ ಕಣಮ್ಮಿ. ಸರಿಯಾಗಿ ಮಡಚಿದೀನಿ. ಒಂದು ಚೂರೂ ಮೇಲೆ ಬಂದಿಲ್ಲ."

"ಸಂಜೆ ಚಾಚ್ತೀಯಲ್ಲ?" ಅಂದೆ.

"ನಾಳೆ ನೋಡಾನ."

ಆ ನಾಳೆ ಬರಲಿಲ್ಲ. ಮಲಗಿದಾಗ ಕಾಲು ತಾನಾಗಿ ಚಾಚಿಕೊಂಡೀತು ಅಂತ ನನ್ನ ಹಳೇ ಸೀರೆಯ ಸೆರಗು ಹರಿದು ತೊಡೆಗೂ ಮೀನಖಂಡಕ್ಕೂ ಸೇರಿಸಿ ಬಿಗಿದುಕೊಂಡ. ನಾನು ದಿನಾ ಬೆಳಗ್ಗೆ ಗಾಯಕ್ಕೆ ಎಣ್ಣೆ ಹಚ್ಚಿ ಬಟ್ಟೆ ಬದಲಾಯಿಸುತ್ತಿದ್ದೆ, ಹಚ್ಚುತ್ತಾ ಬೈಯುತ್ತಿದ್ದೆ. "ಗಂಡಸಾ ನೀನು? ಮೂರು ವರ್ಷದ ಮಗು ಮುಳ್ಳು ಚುಚ್ಚಿಸ್ಕೊಂಡು ಸಂಜೆ ಕಾಲು ಚಾಚ್ತದೆ." ಅವನು ಗೋಡೆ ನೋಡುತ್ತಾ ಕೂತಿರುತ್ತಿದ್ದ.

ಅವನ ಭಯ ಏನು ಅಂತ ನನಗೆ ಗೊತ್ತಿತ್ತು. ನಮ್ಮ ಮಾವ ಹರೆಯದಲ್ಲಿ ಗಾಡಿಯ ಚಕ್ರಕ್ಕೆ ಕಾಲು ಕೊಟ್ಟು ಮಡಚಿಕೊಂಡವರು, ಕೂದಲು ನೆರೆಯುವವರೆಗೂ ಚಾಚಲಿಲ್ಲ. ಊರುಗೋಲಿನ ಮೇಲೇ ಬದುಕಿದರು. ಒಂದು ಮಧ್ಯಾಹ್ನ ಪಡಸಾಲೆಯಲ್ಲಿ ನಿದ್ದೆ ಮಾಡುತ್ತಿದ್ದಾಗ ಕಟ್ಟು ಸಡಿಲವಾಗಿ ಕಾಲು ಚಾಚಿಕೊಂಡಿತು. ಒಂದೇ ಕೂಗು. ಒಳಗಿದ್ದವರು ಓಡಿ ಬರುವಷ್ಟರಲ್ಲಿ ಮುಗಿದುಹೋಗಿತ್ತು. ನನ್ನ ಗಂಡ ಆಗ ಹತ್ತಿರದಲ್ಲೇ ಕೂತು ಗೋಲಿ ಆಡುತ್ತಿದ್ದನಂತೆ. ಅವನು ಅದನ್ನು ನನಗೆ ಒಮ್ಮೆ ಮಾತ್ರ ಹೇಳಿದ್ದ.

ಹಾಗಾಗಿ ನಾನು ಬೈದರೂ ಒತ್ತಾಯ ಮಾಡಲಿಲ್ಲ. ಬಾಯಿ ಬೇರೆ, ಎದೆ ಬೇರೆ. ಒತ್ತಾಯಕ್ಕೆ ಚಾಚಿ ಅವನಿಗೂ ಅಪ್ಪನ ಗತಿಯೇ ಆದರೆ ಯಾರ ತಲೆ ಮೇಲೆ ಹಾಕಲಿ? ಇಟ್ಟುಕೊಂಡಿರಲಿ ಬಿಡು, ಹಗೇವಿನಲ್ಲಿ ರಾಗಿ ಇಟ್ಟ ಹಾಗೆ, ಎಷ್ಟು ದಿನ ಇಟ್ಟರೂ ಕೆಡುವುದಿಲ್ಲವಲ್ಲ ಅಂದುಕೊಂಡೆ. ಊರೆಲ್ಲ ನಂಬಿದ್ದು ಅದನ್ನೇ.

ಗಾಯ ಮಾಯುತ್ತಾ ಬಂತು. ಆದರೆ ಶ್ರಾವಣದಲ್ಲಿ ಒಂದು ಬೆಳಗ್ಗೆ ಬಟ್ಟೆ ಬಿಚ್ಚಿದರೆ ಬೆರಳ ಸಂದಿಯಲ್ಲಿ ಕೆಂಪಿರುವೆ ತುಂಬಿಕೊಂಡಿದ್ದವು. ಹೆಬ್ಬೆರಳಿನ ಪಕ್ಕದ ಮಾಂಸವನ್ನು ಒಂದು ಕಡಲೆಯಷ್ಟು ತಿಂದಿದ್ದವು. ಅವನು ಮೇಲೆ ಆರಾಮಾಗಿ ಎಲೆಯಡಿಕೆ ಹಾಕುತ್ತಾ ಪಕ್ಕದ ಮನೆಯ ಕಾಳಿಂಗಮ್ಮನ ಜೊತೆ ಮಾತಾಡುತ್ತಿದ್ದ. ಕೆಳಗೆ ಅವನನ್ನು ತಿನ್ನುತ್ತಿದ್ದವು, ಮೇಲೆ ಅವನಿಗೆ ಗೊತ್ತೇ ಇರಲಿಲ್ಲ. ಇರುವೆ ಒರೆಸಿ ಹಾಕಿ, ಪಾದ ಹಿಡಿದು ನೋಡಿದರೆ ಅದು ನನ್ನ ಕೈಯಲ್ಲಿ ಒದ್ದೆ ಬಟ್ಟೆಯ ಹಾಗೆ ಇಳಿಬಿದ್ದಿತ್ತು. ಮೊದಲು ಇಷ್ಟು ಸಡಿಲ ಇರಲಿಲ್ಲ. ಕಣಕಾಲಿನ ಮುಂಭಾಗದ ಮಾಂಸ ಕರಗಿ ಮೂಳೆ ಕೈಗೆ ಹತ್ತುತ್ತಿತ್ತು.

ಆ ವಾರವೇ ಹೊರಗಿನಿಂದ ನರದ ಡಾಕ್ಟರಮ್ಮ ಒಬ್ಬರು ಬಂದು ಶಾಲೆಯ ವರಾಂಡದಲ್ಲಿ ಜನರನ್ನು ನೋಡುತ್ತಿದ್ದರು. ಅವರ ಹೆಸರು ಶಾಹಿದಾ. ಜೊತೆಗೆ ಒಂದು ಯಂತ್ರ ತಂದಿದ್ದರು. ಪಾದದ ಗಂಟಿನ ಹತ್ತಿರ ಸಣ್ಣ ಶಾಕು ಕೊಟ್ಟರೆ ಅದು ನರದಲ್ಲಿ ಮೇಲಕ್ಕೆ ಓಡಿ ತೊಡೆಗೆ ಅಂಟಿಸಿದ ಪಟ್ಟಿಗೆ ಬರಬೇಕು, ಬಂದರೆ ಪರದೆಯ ಮೇಲೆ ಗೆರೆ ಏಳುತ್ತದೆ. ಎಷ್ಟು ಬೇಗ ಬಂತು ಅನ್ನುವುದನ್ನೂ ಅದು ತೋರಿಸುತ್ತದೆ. ನಾಲ್ಕು ಜನ ಹಿಡಿದು ನನ್ನ ಗಂಡನನ್ನು ಬೆಂಚಿನ ಮೇಲೆ ಕೂರಿಸಿದೆವು.

"ಹೊಂಬಯ್ಯ ಅಂತಲಾ ಹೆಸರು? ಕಾಲು ಯಾಕೆ ಕಟ್ಟಿದೀರಿ?" ಅಂದರು ಡಾಕ್ಟರಮ್ಮ.

"ಅದು ಹಂಗೇ ಇರ್ಲಿ ಬುಡಿ," ಅಂದ.

ಅವರು ಮಡಚಿದ ಕಾಲಿಗೇ ಪಟ್ಟಿ ಅಂಟಿಸಿ ಶಾಕು ಕೊಟ್ಟರು. ಗೆರೆ ಏಳಲಿಲ್ಲ. ಸ್ವಲ್ಪ ಜೋರು ಮಾಡಿ ಕೊಟ್ಟರು. ಗೆರೆ ಮಲಗಿಯೇ ಇತ್ತು. ಮತ್ತೆ ಜೋರು ಮಾಡಿದರು, ಮತ್ತೆ ಮತ್ತೆ ಕೊಟ್ಟರು. ನನ್ನ ಗಂಡ ಸುತ್ತ ನಿಂತ ಜನರನ್ನು ನೋಡಿ ಹಲ್ಲು ಬಿಡುತ್ತಿದ್ದ. "ಕೊಡಿ ಡಾಕ್ಟ್ರಮ್ಮ, ಇನ್ನೊಂದು ಕೊಡಿ. ನಂಗೇನೂ ಆಗಕಿಲ್ಲ." ನಾನೂ ಪೆದ್ದಿಯ ಹಾಗೆ ನೋಡುತ್ತಾ ನಿಂತಿದ್ದೆ. ಆಮೇಲೆ ಕಾಳಿಂಗಮ್ಮ ನನ್ನ ತೋಳು ಚಿವುಟಿ ಕಿವಿಯಲ್ಲಿ "ಅವೆಲ್ಲ ಎಲ್ಲಿಗೆ ಹೋಗ್ತಾ ಅವೆ ಅಂದ್ಕೊಂಡೆ?" ಅಂದಳು.

ನಾನು ಮುಂದೆ ನುಗ್ಗಿದೆ. "ನಿಲ್ಸಿ ಡಾಕ್ಟ್ರಮ್ಮ! ನೀವು ಕೊಟ್ಟಿದ್ದೆಲ್ಲ ಒಳಗೇ ಕೂತಿರ್ತವೆ! ಒಂದು ದಿನ ಅಷ್ಟೂ ಬರ್ತವೆ!"

ಅವರು ಕೈ ತೆಗೆದು ನನ್ನ ಮುಖ ನೋಡಿದರು. ಹುಚ್ಚಿ ಅಂದುಕೊಂಡಿರಬೇಕು. ಆದರೆ ಬೈಯಲಿಲ್ಲ. ಚೆನ್ನಾಗಿದ್ದ ಎಡಗಾಲಿಗೆ ಪಟ್ಟಿ ಹಾಕಿದರು, ಮಡಚಿಸಿ ಶಾಕು ಕೊಟ್ಟರು. ಅದರಲ್ಲೂ ಗೆರೆ ಏಳಲಿಲ್ಲ. "ಈಗ ಚಾಚಿ," ಅಂದರು. ಅವನು ಚಾಚಿದ. ಚಾಚಿದ್ದೇ ತಡ, ಬೆಂಚಿನಿಂದ ಒಂದು ಮೊಳ ಎಗರಿ ಬಿದ್ದ. ಪರದೆಯ ಮೇಲೆ ಗೆರೆಗಳು ಒಂದರ ಹಿಂದೊಂದು ಎದ್ದವು. ಜನ ನಕ್ಕರು. ಡಾಕ್ಟರಮ್ಮ ನಗಲಿಲ್ಲ. ಮಂಡಿಯನ್ನು ಸ್ವಲ್ಪ ಮಡಚಿ, ಇನ್ನಷ್ಟು ಮಡಚಿ, ಮತ್ತೆ ಬಿಡಿಸಿ, ಪ್ರತಿ ಸಲವೂ ಸಣ್ಣಗೆ ಕೊಟ್ಟು ನೋಡಿದರು. ಪೂರ್ತಿ ಚಾಚಿದಾಗ ಬೇಗ, ಅರ್ಧ ಮಡಚಿದಾಗ ತಡವಾಗಿ, ಪೂರ್ತಿ ಮಡಚಿದರೆ ಇಲ್ಲವೇ ಇಲ್ಲ. ಇದನ್ನು ನಮ್ಮೂರ ಕೂಸುಗಳೂ ಬಲ್ಲವು. ಆದರೆ ಆಮೇಲೆ ಅವರು ಹೇಳಿದ್ದು ನಮ್ಮೂರಲ್ಲಿ ಯಾರಿಗೂ ಗೊತ್ತಿರಲಿಲ್ಲ.

ಅವರು ಬಲಗಾಲಿನ ಮಂಡಿಯ ಹೊರಮಗ್ಗುಲಲ್ಲಿ, ಸ್ವಲ್ಪ ಕೆಳಗೆ, ಗಂಟಿನಂಥ ಮೂಳೆಯ ಮೇಲೆ ನನ್ನ ಬೆರಳು ಇಡಿಸಿದರು. "ಇಲ್ಲಿ ನರ ಚರ್ಮದ ಕೆಳಗೇ, ಮೂಳೆಗೆ ಆತುಕೊಂಡು ಹೋಗುತ್ತೆ. ಮಡಚಿ ಬಿಗಿದು ಕಟ್ಟಿದ್ರೆ ಇಲ್ಲೇ ಒತ್ತುತ್ತೆ. ಸ್ವಲ್ಪ ದಿನ ಆದ್ರೆ ಪರವಾಗಿಲ್ಲ, ಬಿಟ್ಟ ಮೇಲೆ ಸರಿಹೋಗುತ್ತೆ. ಹೀಗೇ ಇಟ್ರೆ ನಿಂತಿರೋ ನೋವು ಹಾಗೇ ಇರಬಹುದು, ಆದ್ರೆ ಅದು ಬರೋ ದಾರಿನೇ ಸತ್ತುಹೋಗುತ್ತೆ. ಆಮೇಲೆ ಚಾಚಿದ್ರೂ ಪಾದ ಏಳಲ್ಲ."

"ದಾರಿ ಸತ್ರೆ ನೋವು ಬರಲ್ವಲ್ಲ ತಾಯಿ, ಒಳ್ಳೇದೇ ಆಯ್ತಲ್ಲ," ಅಂದ ನನ್ನ ಗಂಡ. ಜನ ಮತ್ತೆ ನಕ್ಕರು.

"ನೋವು ಮೇಲೆ ಬರೋ ದಾರಿ, ನಿಮ್ಮ ಮಾತು ಪಾದಕ್ಕೆ ಇಳಿಯೋ ದಾರಿ, ಎರಡೂ ಒಂದೇ ಹಗ್ಗದಲ್ಲಿವೆ ಹೊಂಬಯ್ಯ. ಒಂದು ಸತ್ರೆ ಇನ್ನೊಂದೂ ಸಾಯುತ್ತೆ."

ಅವನು ಅಪ್ಪನ ವಿಷಯ ಹೇಳಿದ. ಡಾಕ್ಟರಮ್ಮ ಅವನ ಎದೆಗೆ ಕೊಳವೆ ಇಟ್ಟು ಬಹಳ ಹೊತ್ತು ಕೇಳಿಸಿಕೊಂಡರು. "ನಿಮ್ಮಪ್ಪನಿಗೆ ದಾರಿ ಹೇಗೋ ಉಳಿದಿತ್ತು, ನಿಮ್ಮದು ಆಗಲೇ ಸಾಯ್ತಾ ಇದೆ. ನಿಮ್ಮ ಗುಂಡಿಗೆ ಗಟ್ಟಿಯಾಗಿದೆ. ಆದ್ರೆ ಏನೂ ಆಗಲ್ಲ ಅಂತ ನಾನು ಮಾತು ಕೊಡಲ್ಲ. ಸ್ವಲ್ಪ ಸ್ವಲ್ಪವಾಗಿ ಬಿಡಿಸಿ ನೋಡಿ. ಗೌರಿ ಹಬ್ಬದ ಆಚೆಗೆ ಮಾತ್ರ ಹೋಗಬೇಡಿ," ಅಂದು ಯಂತ್ರ ಕಟ್ಟಿಕೊಂಡು ಹೊರಟರು.

ಗೌರಿ ಹಬ್ಬ ಹತ್ತಿರದಲ್ಲೇ ಇತ್ತು. ಅವತ್ತಿನಿಂದ ನನಗೆ ಅನ್ನ ಸೇರಲಿಲ್ಲ. ನೀರು ಸೇದುವಾಗ, ಅಕ್ಕಿ ಆರಿಸುವಾಗ ಕಣ್ಣ ಮುಂದೆ ಆ ಗಂಟುಮೂಳೆ ಬರುತ್ತಿತ್ತು, ಅದರ ಕೆಳಗೆ ಹಗ್ಗದ ಎಳೆ ಒಂದೊಂದಾಗಿ ಹರಿಯುತ್ತಿರುವ ಹಾಗೆ ಅನ್ನಿಸುತ್ತಿತ್ತು. ತುಂಡು ಕಂಬಳಿ ಸುತ್ತಿ ಅವನ ಮಂಡಿಯ ಕೆಳಗೆ ಇಟ್ಟು, ಕಟ್ಟು ಒಂದು ಬೆರಳು ಸಡಿಲ ಮಾಡಿದೆ. ಮೊದಲ ದಿನ ಏನೂ ಬರಲಿಲ್ಲ. ಮಾರನೆಯ ದಿನ ಇನ್ನೊಂದು ಬೆರಳು. ಜೋಮು ಹತ್ತಿದ ಹಾಗಾಯಿತು ಅಂದ, ನನಗೆ ಖುಷಿಯಾಯಿತು. ಅದರ ಮಾರನೆಯ ದಿನ ಅವನು ಅರಚಿದ ಅರಚಾಟಕ್ಕೆ ಬೀದಿಯ ನಾಯಿಗಳೆಲ್ಲ ಬೊಗಳಿದವು. ಮಂಡಿ ಸೆಳೆದುಕೊಂಡು ನನ್ನನ್ನು ಪಕ್ಕಕ್ಕೆ ತಳ್ಳಿದ. "ಒಂದೊಂದು ಕೂದಲು ಕಿತ್ತಂಗೆ ಆಯ್ತದೆ. ಕೊಲ್ಲೋದಾದ್ರೆ ಒಂದೇ ಸಲ ಕೊಲ್ಲು, ಹಿಂಗೆ ಬ್ಯಾಡ." ಕಟ್ಟನ್ನು ಮೊದಲಿಗಿಂತ ಬಿಗಿಯಾಗಿ ಕಟ್ಟಿಕೊಂಡ.

ನಾನು ಹಿತ್ತಲಿಗೆ ಹೋಗಿ ಅತ್ತುಬಿಟ್ಟೆ. ಕಾಳಿಂಗಮ್ಮ ಬೇಲಿಯಾಚೆ ಬಟ್ಟೆ ಒಣಗಿಸುತ್ತಿದ್ದಳು. "ಬುಟ್ಬುಡು ಕಣಕ್ಕಾ," ಅಂದಳು. "ಕಾಲಿಲ್ದಿದ್ರೂ ಗಂಡ ಗಂಡನೇ. ಕಾಲು ನೆಟ್ಟಗಿರೋ ಹೆಣ ಇಟ್ಕೊಂಡು ಏನ್ಮಾಡೀಯೆ?" ಅವಳು ಹೇಳಿದ್ದು ಸುಳ್ಳಾಗಿರಲಿಲ್ಲ. ಅವತ್ತು ಅವನಿಗೆ ಕಾಲಿನ ಮಾತು ಇನ್ನು ಎತ್ತುವುದಿಲ್ಲ ಅಂತ ಹೇಳಿಬಿಟ್ಟೆ, ಎಣ್ಣೆ ಹಚ್ಚುವಾಗಲೂ ಬಾಯಿ ಮುಚ್ಚಿಕೊಂಡೇ ಹಚ್ಚಿದೆ. ನನ್ನ ಬೈಗುಳ ನಿಂತದ್ದು ಅವನಿಗೆ ಇನ್ನೂ ಹೆದರಿಕೆ ಹುಟ್ಟಿಸಿತೋ ಏನೋ.

ಹಬ್ಬಕ್ಕೆ ಇನ್ನೇನು ಬಾಗಿನದ ಮೊರ ತರಬೇಕು ಅನ್ನುವಾಗ ಅವನು "ಕಾರ್ಖಾನೆಗೆ ಕರ್ಕೊಂಡೋಗು" ಅಂದ. ಹೆಗಲು ಕೊಟ್ಟು ಕರೆದುಕೊಂಡು ಹೋದೆ. ಮಣ್ಣಿನ ಗುಂಡಿಯ ಅಂಚಿನಲ್ಲಿ ಕೂರಿಸಿದೆ. ತುಳಿಯುವವರು ಅವನನ್ನು ನೋಡಿ ನಿಂತರು. ಹದ ನೋಡುವುದಕ್ಕೆ ಯಾರೋ ಹೊಸಬ ಇದ್ದ, ಅವನು ಮಂಡಿ ನೆಟ್ಟಗೆ ಮಾಡಲು ಮೀನಮೇಷ ಎಣಿಸುತ್ತಿದ್ದ. ನನ್ನ ಗಂಡ ಕೂತಲ್ಲೇ ಬಲಪಾದವನ್ನು ಎರಡೂ ಕೈಯಲ್ಲಿ ಹಿಡಿದು ಮಣ್ಣಿನೊಳಗೆ ಇಳಿಸಿದ. ಹಾಗೇ ನೋಡುತ್ತಾ ಕೂತ. ಪಾದ ಮಣ್ಣಿನಲ್ಲಿ ಮುಳುಗಿತು, ಅವನ ಮುಖದಲ್ಲಿ ಏನೂ ಬದಲಾಗಲಿಲ್ಲ. ಆಮೇಲೆ ಅದನ್ನು ಕೈಯಿಂದಲೇ ಎತ್ತಿಕೊಂಡ.

ದಾರಿಯಲ್ಲಿ, "ತಣ್ಣಗಿತ್ತೋ ಬೆಚ್ಚಗಿತ್ತೋ, ಅದೂ ಗೊತ್ತಾಗ್ಲಿಲ್ಲ ಕಣಮ್ಮಿ," ಅಂದ. ಮನೆ ಬಂದ ಮೇಲೆ ಜಗಲಿ ಹತ್ತದೆ ಅಲ್ಲೇ ಕಂಬ ಹಿಡಿದು ನಿಂತ. "ಇವತ್ತು ಸಂಜೆ ಚಾಚ್ತೀನಿ. ನೀನು ಹಿಂದ್ಗಡೆ ಕೂತ್ಕೊಂಡು ಹಿಡ್ಕೊ."

ನಾನು ಬೇಡ ಅನ್ನಬೇಕಿತ್ತೇನೋ. ಬಾಯಿಗೆ ಬಂತು. ಅನ್ನಲಿಲ್ಲ. ಒಳಗೆ ಹೋಗಿ ದೇವರ ಮುಂದೆ ನಿಂತರೆ ಏನು ಕೇಳಿಕೊಳ್ಳಬೇಕು ಅಂತಲೇ ತೋಚಲಿಲ್ಲ. ಕಾಲು ಕೊಡು ಅನ್ನಲೋ, ಗಂಡನನ್ನು ಉಳಿಸು ಅನ್ನಲೋ. ಎರಡೂ ಕೇಳಿದರೆ ಅತಿಯಾಸೆ ಆದೀತು ಅನ್ನಿಸಿ ಸುಮ್ಮನೆ ಕೈ ಮುಗಿದು ಬಂದೆ.

ಸಂಜೆ ಇಡೀ ಬೀದಿ ಜಗಲಿಗೆ ಬಂತು. ಆದರೆ ಅವತ್ತು ಯಾರೂ ಕಾಲು ಚಾಚಲಿಲ್ಲ. ಎಲ್ಲರೂ ಮಂಡಿ ಮಡಚಿಕೊಂಡು ನಮ್ಮ ಮನೆಯ ಕಡೆಗೇ ಮುಖ ಮಾಡಿ ಕೂತರು. ಅಷ್ಟು ವರ್ಷದಲ್ಲಿ ಆ ಹೊತ್ತು ಅಷ್ಟು ಸದ್ದಿಲ್ಲದೆ ಇದ್ದದ್ದನ್ನು ನಾನು ನೋಡಿರಲಿಲ್ಲ. ಸಾವು ನೋಡಲು ಕೂತವರ ಹಾಗೆ ಕೂತಿದ್ದಾರಲ್ಲ ಅಂತ ನನಗೆ ಸಿಟ್ಟು ಬಂತು. ಕಾಳಿಂಗಮ್ಮ ಸೆರಗು ಬಾಯಿಗೆ ಒತ್ತಿಕೊಂಡಿದ್ದಳು.

ನಾನು ಗೋಡೆಗೆ ಒರಗಿ ಕೂತೆ. ಅವನು ನನ್ನ ಎದೆಗೆ ಬೆನ್ನು ಕೊಟ್ಟ. ಅವನ ಕಂಕುಳ ಕೆಳಗಿಂದ ಕೈ ಹಾಕಿ ಎದೆಯ ಮೇಲೆ ಬಿಗಿಯಾಗಿ ಹಿಡಿದುಕೊಂಡೆ. ಅವನ ಗುಂಡಿಗೆ ನನ್ನ ಅಂಗೈಗೆ ಹೊಡೆಯುತ್ತಿತ್ತು.

"ಹಿಡ್ಕೊಂಡಿದೀಯಾ?"

"ಹಿಡ್ಕೊಂಡಿದೀನಿ."

"ಬುಡಬ್ಯಾಡ."

ಕಟ್ಟು ಬಿಚ್ಚಿದ. ಮಂಡಿ ಮರಗಟ್ಟಿತ್ತು, ಎರಡೂ ಕೈಯಿಂದ ಒತ್ತಬೇಕಾಯಿತು. ಅರ್ಧಕ್ಕೆ ಬಂದಾಗ ಅವನ ಉಸಿರು ನಿಂತಿತು. ನಿಲ್ಲಿಸಲಿಲ್ಲ. ಹಲ್ಲು ಕಚ್ಚಿ ಪೂರ್ತಿ ಒತ್ತಿಬಿಟ್ಟ.

ಅವನು ಕೂಗುತ್ತಾನೆ ಅಂದುಕೊಂಡಿದ್ದೆ. ಕೂಗಲಿಲ್ಲ. ಮೈ ಬಿಲ್ಲಿನ ಹಾಗೆ ಸೆಟೆದು ಅವನ ತಲೆ ನನ್ನ ಗಲ್ಲಕ್ಕೆ ಬಡಿಯಿತು, ನನ್ನ ಬಾಯಲ್ಲಿ ರಕ್ತ ಬಂತು. ಅವನ ಗಂಟಲಿನಿಂದ ಕಾದ ಕಬ್ಬಿಣ ನೀರಿಗೆ ಅದ್ದಿದಂಥ ಸದ್ದು ಬರುತ್ತಿತ್ತು. ಒಂದು ಇಡೀ ಗೂಡಿನ ಬೆಂಕಿ ಅವನ ಮೈಯೊಳಗೆ ಹಾದುಹೋಗುತ್ತಿದ್ದರೆ ನಾನು ಹೊರಗಿನಿಂದ ಬರೀ ಹಿಡಿದುಕೊಂಡಿದ್ದೆ. ಅಷ್ಟೇ ನನ್ನಿಂದ ಆದದ್ದು. ಆಮೇಲೆ ಒಮ್ಮೆಲೇ ಮೈ ಸಡಿಲವಾಯಿತು. ತಲೆ ಪಕ್ಕಕ್ಕೆ ವಾಲಿತು. ನನ್ನ ಅಂಗೈ ಕೆಳಗೆ ಹೊಡೆಯುತ್ತಿದ್ದದ್ದು ಸಿಗಲಿಲ್ಲ. ಅಲ್ಲಿ ಇಲ್ಲಿ ತಡಕಿದೆ, ಸಿಗಲಿಲ್ಲ.

"ಹೊಂಬಯ್ಯಾ!" ಅಂತ ಕಿರುಚಿದೆ. ಮದುವೆಯಾದ ಮೇಲೆ ಒಂದು ಸಲವೂ ಬಾಯಲ್ಲಿ ಆಡದಿದ್ದ ಹೆಸರು, ಇಡೀ ಬೀದಿಗೆ ಕೇಳುವ ಹಾಗೆ.

"ಕಿವಿ ಹತ್ರ ಕೂಗಬ್ಯಾಡ," ಅಂದ ಅವನು, ಕಣ್ಣು ಮುಚ್ಚಿಕೊಂಡೇ. "ಇನ್ನೂ ಮುಗ್ದಿಲ್ಲ."

ನನಗೆ ಅಳಬೇಕೋ ಹೊಡೆಯಬೇಕೋ ತಿಳಿಯಲಿಲ್ಲ. ಅವನ ಮುಖ ನಿಧಾನವಾಗಿ ಬದಲಾಯಿತು. "ಎಣ್ಣೆ," ಅಂದ. "ಇಷ್ಟು ಮೆತ್ತಗೆ ಹಚ್ತಿದ್ಯಾ? ಬಾಯಿ ಮಾತ್ರನಾ ಹಂಗೆ?" ಅಂದ. ಆಮೇಲೆ ಇರುವೆ ಬಂದವು, ಕಾಲು ಝಾಡಿಸಿದ. ಅವುಗಳ ಹಿಂದೆ ಶಾಕು ಬಂದವು, ಒಂದಕ್ಕಿಂತ ಒಂದು ಜೋರಾಗಿ. ಪ್ರತಿಯೊಂದಕ್ಕೂ ಜಿಗಿದು ಬಿದ್ದು ಡಾಕ್ಟರಮ್ಮನ ವಂಶವನ್ನೆಲ್ಲ ಜಾಲಾಡಿದ. ಎದುರು ಜಗಲಿಯಲ್ಲಿ ಯಾರೋ ಕಿಸಕ್ಕೆಂದು ಬಾಯಿ ಮುಚ್ಚಿಕೊಂಡರು. ಗಂಡ ಬದುಕಿದ್ದ. ಬೈಯುತ್ತಿದ್ದ.

ಕೊನೆಗೆ ಕಾರ್ಖಾನೆಯ ಮಣ್ಣು ಬಂತು, "ತಣ್ಣಗಿತ್ತು," ಅಂದ. ಆಗ ನನ್ನ ಕಣ್ಣು ಪಾದದ ಮೇಲೆ ಬಿತ್ತು. ಚಾಚಿದ ಕಾಲಿನ ತುದಿಯಲ್ಲಿ ಅದು ಇನ್ನೂ ಇಳಿಬಿದ್ದೇ ಇತ್ತು. ನೋವು ಬರುವ ಎಳೆ ಉಳಿದು ಇನ್ನೊಂದು ಸತ್ತಿತೇನೋ, ತಡ ಮಾಡಿದೆವೇನೋ ಅಂದುಕೊಂಡೆ. ನೋಡುತ್ತಿದ್ದ ಹಾಗೆ ಹೆಬ್ಬೆರಳು ಅಲುಗಿತು. ಪಾದ ಮೇಲೆದ್ದಿತು, ಬಿತ್ತು. ಮತ್ತೆ ಎದ್ದಿತು, ಬಿತ್ತು. ಮತ್ತೆ, ಮತ್ತೆ.

"ನೋಡು! ಎತ್ತಾ ಇದೀಯ! ಎತ್ತಾ ಇದೀಯ ಕಣಯ್ಯ!"

"ನಾನಲ್ಲ," ಅಂದ. ಅವನೂ ಬಿಟ್ಟ ಕಣ್ಣು ಬಿಟ್ಟ ಹಾಗೇ ಪಾದ ನೋಡುತ್ತಿದ್ದ. "ನಾನೀಗ ಏನೂ ಮಾಡ್ತಿಲ್ಲ. ಅವೆಲ್ಲ ಹಳೇವು."

ಮೊದಲು ನನಗೆ ಅರ್ಥವಾಗಲಿಲ್ಲ. ಆಮೇಲೆ ಆಯಿತು. ಆಷಾಢದಿಂದ ಇಲ್ಲಿಯವರೆಗೆ ಅವನು ಆ ಪಾದಕ್ಕೆ ಏಳು ಅಂತ ಹೇಳಿದ್ದೆಲ್ಲ ಮಂಡಿಯ ಹತ್ತಿರ ಬಂದು ನಿಂತಿತ್ತು, ಈಗ ಇಳಿಯುತ್ತಿತ್ತು. ಗೋಡೆ ನೋಡುತ್ತಾ ಕೂತಿದ್ದಾನೆ, ಹೇಡಿ, ಅಂತ ನಾನು ಬೈಯುತ್ತಿದ್ದಾಗ ಅವನು ಒಳಗೊಳಗೇ ಎತ್ತುತ್ತಿದ್ದ. ಪಾದ ನಿಲ್ಲಲೇ ಇಲ್ಲ. ಕತ್ತಲಾಗುತ್ತಾ ಬಂತು, ಯಾರೂ ದೀಪ ಹಚ್ಚಲು ಏಳಲಿಲ್ಲ, ಪಾದ ಏಳುತ್ತಿತ್ತು, ಬೀಳುತ್ತಿತ್ತು. ಎಷ್ಟು ಸಲ ಪ್ರಯತ್ನ ಮಾಡಿದ್ದನೋ ಪುಣ್ಯಾತ್ಮ.

"ಯಾವಾಗ ಮಾಡ್ದೆ ಇಷ್ಟೊಂದು?"

"ಯಾವಾಗ ಅಂದ್ರೆ? ಯಾವಾಗ್ಲೂ."

ಕೊನೆಗೆ ಅದು ನಿಧಾನವಾಯಿತು. ಒಂದು ಸಲ ಎದ್ದು, ನಡುಗಿ, ಬಿದ್ದು, ಸುಮ್ಮನಾಯಿತು. ಹಳೆಯದೆಲ್ಲ ಮುಗಿದಿತ್ತು.

"ಈಗ ಹೊಸದು ಹೇಳು ಅದಕ್ಕೆ," ಅಂದೆ.

"ಹೇಳ್ದೆ."

ಇಬ್ಬರೂ ನೋಡುತ್ತಾ ಕೂತೆವು. ಏನೂ ಇಲ್ಲ.

"ಇನ್ನೊಂದ್ಸಲ ಹೇಳು."

"ತಾಳು. ಹೋಗಿರೋದು ಹೋಗಿ ಮುಟ್ಲಿ."

ಅವನ ಬೆನ್ನು ನನ್ನ ಎದೆಗೆ ಒತ್ತಿಕೊಂಡೇ ಇತ್ತು, ಬೆವರಿಗೆ ಇಬ್ಬರ ಬಟ್ಟೆಯೂ ಅಂಟಿಕೊಂಡಿತ್ತು. ಕಾಳಿಂಗಮ್ಮ ಜಗಲಿಯ ಅಂಚಿಗೆ ಸರಿದು ಕತ್ತು ಚಾಚಿದಳು. ಹೆಬ್ಬೆರಳು ಒಂದು ರಾಗಿ ಕಾಳಿನಷ್ಟು ಮೇಲೆದ್ದಿತು. ಬೀಳಲಿಲ್ಲ, ಅಲ್ಲೇ ನಡುಗುತ್ತಾ ನಿಂತಿತು.

"ಇದು ಈಗಿಂದು ಕಣಮ್ಮಿ," ಅಂದ ನನ್ನ ಗಂಡ.